ಅಂಚಿನ ಚೌಕದಲ್ಲಿ ಹನ್ನೆರಡು

ಮಹಾನಂದಾಳಿಗೆ ಹೇಸಿಗೆ ಬಹಳ. ಚಂದಾಪುರದ ವಠಾರದಲ್ಲಿ ಅವಳನ್ನು ಬಲ್ಲವರೆಲ್ಲ ಈ ಮಾತನ್ನು ನಗುತ್ತಲೇ ಹೇಳುತ್ತಿದ್ದರು, ಏಕೆಂದರೆ ಆ ಹೆಂಗಸಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಮೋರಿ ಕಟ್ಟಿಕೊಂಡು ಇಡೀ ವಠಾರ ಮೂಗು ಮುಚ್ಚಿಕೊಂಡ ದಿನ ಅವಳೊಬ್ಬಳೇ ಬಾಗಿಲಲ್ಲಿ ಕೂತು ನಿಶ್ಚಿಂತೆಯಿಂದ ಸೊಪ್ಪು ಬಿಡಿಸುವಳು. ಆದರೆ ಹೋಟೆಲಿನ ಲೋಟದಲ್ಲಿ ಯಾರದೋ ತುಟಿಯ ಕಲೆ ಕಂಡಿತೋ, ಮುಗಿಯಿತು. ಅವತ್ತಿಡೀ ಅವಳಿಗೆ ಅನ್ನ ಸೇರದು. ಬಸ್ಸಿನ ಕಂಬಿಯನ್ನು ಸೆರಗು ಸುತ್ತಿಯೇ ಹಿಡಿಯಬೇಕು. ಪಕ್ಕದವರು ಉಗುರು ಕಚ್ಚಿದರೆ ಸೀಟು ಬಿಟ್ಟು ಏಳಬೇಕು. “ಮೂಗಿಲ್ಲದಾಕಿಗೆ ಮೂಗು ಮುರಿಯೂದೊಂದು ಛಂದಾಗಿ ಬರ್ತೈತಿ ನೋಡ್ರಿ” ಎಂದು ಅವಳ ಗಂಡ ಸಿದ್ರಾಮನೇ ಕಾಲೆಳೆಯುತ್ತಿದ್ದ. ಸಿದ್ರಾಮ ಸೆಂಟ್ರಿಂಗ್ ಕೆಲಸದವನು; ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಹೋಗಿ ವಾರಗಟ್ಟಲೆ ಉಳಿಯುವವನು. ಇಬ್ಬರೂ ಇಂಡಿ ತಾಲ್ಲೂಕಿನ ಕಡೆಯವರು.

ಮೂಗು ಹೋದದ್ದು ಪೀಣ್ಯದಲ್ಲಿ. ಮದುವೆಯಾದ ಹೊಸತರಲ್ಲಿ ನಾಲ್ಕು ವರ್ಷ ಅವಳು ಅಲ್ಲಿಯ ಕ್ರೋಮ್ ಪ್ಲೇಟಿಂಗ್ ಶೆಡ್ಡಿನಲ್ಲಿದ್ದಳು. ನಲ್ಲಿ, ಹಿಡಿಕೆ, ಸೈಕಲ್ಲಿನ ಹ್ಯಾಂಡಲ್ಲು ಇವನ್ನೆಲ್ಲ ಕೊಕ್ಕೆಗೆ ಸಿಕ್ಕಿಸಿ ಕುದಿಯುವ ತೊಟ್ಟಿಯೊಳಗೆ ಇಳಿಬಿಡುವುದು, ಫಳಫಳ ಹೊಳೆಯಿಸಿ ಎತ್ತುವುದು. ಲೋಕಕ್ಕೆಲ್ಲ ಹೊಳಪು ಹಚ್ಚುವ ಆ ಶೆಡ್ಡಿನಷ್ಟು ಹೊಲಸು ಜಾಗ ಇನ್ನೊಂದಿರಲಿಲ್ಲ. ತೊಟ್ಟಿಯ ಹಳದಿ ಹಬೆ ಗೋಡೆಗೆ, ಹಲ್ಲಿಗೆ, ಊಟದ ಡಬ್ಬಿಯ ಮುಚ್ಚಳಕ್ಕೆ ಕೂರುತ್ತಿತ್ತು. ಬೆರಳ ಸಂದಿಯಲ್ಲಿ ಹುಣ್ಣೆದ್ದು ಮಾಯುತ್ತಿರಲಿಲ್ಲ. ಒಂದು ದಿನ ಮೂಗಿನಿಂದ ರಕ್ತ ಬಂತು, ನಿಲ್ಲಲಿಲ್ಲ. ಆಸ್ಪತ್ರೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಮೂಗಿನ ನಡುಗೋಡೆಯಲ್ಲಿ ತೂತು ಬಿದ್ದಿದೆ ಎಂದರು. ಅಷ್ಟಕ್ಕೆ ಸುಮ್ಮನಾಗದೆ, “ಇನ್ನೊಂದು ಮೂಗುಬೊಟ್ಟು ಹಾಕ್ಕೋಬಹುದು ಬಿಡಮ್ಮ” ಎಂದು ನಕ್ಕರು. ತೂತಿಗಿಂತ ಆ ನಗುವೇ ಅವಳಿಗೆ ಹೆಚ್ಚು ಅಸಹ್ಯವಾಯಿತು. ಸತ್ತರೂ ಇನ್ನೊಮ್ಮೆ ಆ ತೊಟ್ಟಿಯ ಮುಂದೆ ನಿಲ್ಲುವುದಿಲ್ಲ ಎಂದು ಅವತ್ತೇ ಆಣೆ ಇಟ್ಟುಕೊಂಡಳು.

ಪಿಯುಸಿ ಪಾಸಾಗಿತ್ತು. ಚಂದಾಪುರಕ್ಕೆ ಮನೆ ಬದಲಿಸಿ, ಆರು ತಿಂಗಳು ಟೈಪಿಂಗ್ ಕಲಿತು, ತೊಂಬತ್ತೈದರ ಮಾರ್ಚಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಡೇಟಾ ಎಂಟ್ರಿ ಕಂಪನಿ ಸೇರಿದಳು. ತಣ್ಣನೆಯ ಕೋಣೆ, ಬೂದು ಬಣ್ಣದ ಕಾರ್ಪೆಟ್ಟು, ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಆಹಾ, ಸ್ವರ್ಗವೇ! ಎರಡು ತಿಂಗಳಲ್ಲಿ ಆ ಸ್ವರ್ಗದ ಕೊಳೆಯೂ ಕಾಣಿಸಿತೆನ್ನಿ: ನಲವತ್ತು ಜನರ ಕಾಲ್ಬೆವರು ಕುಡಿದ ಕಾರ್ಪೆಟ್ಟು, ಅಕ್ಷರದ ಸಂದಿಗಳಲ್ಲಿ ಜಿಡ್ಡು ಕಟ್ಟಿದ ಕೀಬೋರ್ಡು, ಸೋಡಾ ಸುರಿದು ಬೇಯಿಸಿದ ಕ್ಯಾಂಟೀನಿನ ಬೇಳೆ. ಆದರೂ ತೊಟ್ಟಿ ಇರಲಿಲ್ಲವಲ್ಲ, ಅದು ಸಾಕಾಗಿತ್ತು.

ಆ ಕಂಪನಿಯಲ್ಲಿ ಮೂವರ ಪದ್ಧತಿ ಇತ್ತು. ವಿಮೆ ಅರ್ಜಿಯಾಗಲಿ, ದೂರದೇಶದ ಟೆಲಿಫೋನ್ ಪುಸ್ತಕವಾಗಲಿ, ಒಂದೇ ಹಾಳೆಯನ್ನು ಮೂವರು ಬೇರೆಬೇರೆಯಾಗಿ ಟೈಪು ಮಾಡಬೇಕು. ಕಂಪ್ಯೂಟರು ಮೂರನ್ನೂ ಹೋಲಿಸುತ್ತದೆ. ಇಬ್ಬರು ಹೊಡೆದದ್ದು ಒಂದೇ ಇದ್ದರೆ ಅದು ಸರಿ. ಬೇರೆ ಹೊಡೆದ ಮೂರನೆಯವರದು ತಪ್ಪು. ಆ ತಪ್ಪಿಗೆ ಮಿಸ್‌ಮ್ಯಾಚ್ ಎಂದು ಹೆಸರು. ಪ್ರತಿ ಸೋಮವಾರ ಯಾರದು ಶೇಕಡ ಎಷ್ಟು ಎಂಬ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುತ್ತಿತ್ತು. ಎರಡು ವರ್ಷ ತುಂಬಿದಾಗ ಶೇಕಡ ಎರಡರೊಳಗಿದ್ದವರು ಕಾಯಂ, ಮಿಕ್ಕವರು ಮನೆಗೆ. ಟೆಲಿಫೋನ್ ನಂಬರಿಗೆ ಇದು ಸರಿಯಾದ ಪದ್ಧತಿಯೇ. ಮಹಾನಂದಾಳದು ಶೇಕಡ ಅರ್ಧವನ್ನು ದಾಟಿದ್ದೇ ಇಲ್ಲ. ತೊಂಬತ್ತೇಳರ ಮಾರ್ಚಿಗೆ ಅವಳ ಎರಡು ವರ್ಷ ತುಂಬುವುದಿತ್ತು.

ತೊಂಬತ್ತಾರರ ದೀಪಾವಳಿ ಕಳೆದ ಮೇಲೆ ಶೈಲಜಾ ಮೇಡಂ ಬಂದರು. ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಕ್ಷತ್ರ ಅಭ್ಯಾಸ ಮಾಡುವವರು, ಧಾರವಾಡದ ಕಡೆಯ ಮಾತು. ಬಗಲಲ್ಲಿ ಉದ್ದನೆಯ ಕೊಳವೆ. ಅದರೊಳಗೆ ಸುರುಳಿ ಸುತ್ತಿದ ಒಂಬತ್ತು ದೊಡ್ಡ ಫೋಟೊ ಹಾಳೆ. ಈ ಕೆಲಸಕ್ಕೆಂದು ಸೂಪರ್‌ವೈಸರ್ ರುದ್ರೇಶ್ ಆರಿಸಿದ್ದು ಮೂವರನ್ನು: ಆನೇಕಲ್ ಕಡೆಯ ಜಯಶೀಲಾ, ವೈಟ್‌ಫೀಲ್ಡಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಫಿಲೋಮಿನಾ, ಮತ್ತು ಮಹಾನಂದಾ.

ಹಾಳೆ ಬಿಚ್ಚಿದೊಡನೆ ಮಹಾನಂದಾ ಮುಖ ಕಿವುಚಿದಳು. ಬಿಳಿಯ ಹಾಳೆಯ ತುಂಬ ಕರಿಯ ಚುಕ್ಕೆ. ನಡುವೆ ದಟ್ಟವಾಗಿ ಕಪ್ಪಗೆ ಮೆತ್ತಿಕೊಂಡು, ಸುತ್ತ ಚೆದುರುತ್ತ, ಅಂಚಿಗೆ ಹೋದಂತೆ ವಿರಳ.

“ಇದೇನ್ರಿ, ನೊಣ ಹಿಕ್ಕಿ ಹಾಕಿದಂಗೈತಿ” ಎಂದುಬಿಟ್ಟಳು.

ರುದ್ರೇಶ್ ಕಣ್ಣು ಕೆಕ್ಕರಿಸಿದ. ಮೇಡಂ ಮಾತ್ರ ಗೊಳ್ಳನೆ ನಕ್ಕರು. “ನಿಮ್ಮೂರು ಯಾವುದ್ರಿ? ಇಂಡಿನಾ? ಭಾಳ ಛಲೋ ಆತು. ಇವು ಚುಕ್ಕಿ ರೀ. ಫೋಟೊದಾಗ ಉಲ್ಟಾ ಬಂದಾವ, ಅದಕ್ಕ ಆಕಾಶ ಬೆಳ್ಳಗ, ಚುಕ್ಕಿ ಕರ್ರಗ. ಈ ನಡುವಿನ ಗುಡ್ಡಿ ನೋಡ್ರಿ, ಲಕ್ಷಗಟ್ಟಲೆ ನಕ್ಷತ್ರ ಒಂದಕ್ಕೊಂದು ಆತುಕೊಂಡು ಚೆಂಡಿನಂಗ ಗುಂಪಾಗ್ಯಾವ. ಒಂಬತ್ತೂ ಹಾಳ್ಯಾಗ ಇದಽ ಗುಂಪು, ಬ್ಯಾರೆ ಬ್ಯಾರೆ ರಾತ್ರಿ ತಗದದ್ದು. ಆ ನಡುವಿಂದು ನನಗ ಬ್ಯಾಡ. ಅದನ್ನ ಎಲ್ಲಾರೂ ನೋಡ್ಯಾರ. ನನಗ ಬೇಕಾಗಿದ್ದು ಅಂಚು. ಗುಂಪು ಎಲ್ಲಿ ಮುಗೀತದ ಅನ್ನೂದು.”

“ಮುಗಿಯೋದು ಕಾಣ್ತಾ ಇದೆಯಲ್ಲ ಮೇಡಂ” ಎಂದಳು ಜಯಶೀಲಾ.

“ಕಂಡದ್ದು ಖರೆ ಅಲ್ಲವ್ವಾ. ನೀವು ಬೀಸೂಕಲ್ಲಿನ್ಯಾಗ ಹಿಟ್ಟು ಬೀಸ್ತೀರಿ ಅಂತ ತಿಳ್ಕೋರಿ. ರಾಶಿ ಇಲ್ಲಿಗೆ ಮುಗೀತು ಅಂತೀರಿ. ಆದ್ರ ಹಿಟ್ಟಿನ ಧೂಳು ಎಲ್ಲೀತನಕ ಹಾರ್ಯದ? ನೆಲದ ಮ್ಯಾಲ ಮೊದಲಽ ಬ್ಯಾರೆ ಧೂಳು ಇತ್ತಂದ್ರ? ಯಾವ ಕಣ ಹಿಟ್ಟು, ಯಾವುದು ಮಣ್ಣು, ಒಂದೊಂದಾಗಿ ಹೇಳಾಕ ಆಗಂಗಿಲ್ಲ. ಅಲ್ಲೆ ಇಲ್ಲೆ ಎಣಿಸಿ, ಒಂದು ಕಡೆ ಧೂಳು ಎರಡು ಕಣ ಹೆಚ್ಚದ ಅಂತ ಗೊತ್ತಾದ್ರ, ಹಿಟ್ಟು ಅಲ್ಲೀತನಕ ಹೋಗ್ಯದ ಅಂತ ಅರ್ಥ. ನಮ್ಮ ಹಾಲುಹಾದಿ, ಕ್ಷೀರಪಥ ಅಂತಾರಲ್ಲಾ, ಅದು ಈ ಗುಂಪನ್ನ ಜಗ್ಗತದ. ಜಗ್ಗಿದಾಗ ಹೊರಗಿನ ನಕ್ಷತ್ರ ಉದುರಿ ಎರಡೂ ಕಡೆ ಬಾಲದಂಗ ಉಳೀತಾವ ಅಂತ ನನ್ನ ಅಂದಾಜು. ಅಂದಾಜು ಅಷ್ಟಽ. ಇದಾವೋ ಇಲ್ಲೋ ನೀವು ಎಣಿಸಿ ಹೇಳಬೇಕು.”

ಹೋಗುವಾಗ ಬಾಗಿಲಲ್ಲಿ ನಿಂತು ರುದ್ರೇಶನಿಗೆ ಇನ್ನೊಮ್ಮೆ ಹೇಳಿದರು, ಅಂಚಿನ ಚೌಕಗಳನ್ನು ಅವಸರ ಮಾಡಿಸಬೇಡಿ ಎಂದು. ರುದ್ರೇಶ್ “ಶ್ಯೂರ್ ಮೇಡಂ, ಶ್ಯೂರ್” ಎಂದ. ಎಲ್ಲರಿಗೂ ಹಾಗೆಯೇ ಅನ್ನುವವನು ಅವನು.

ಕೆಲಸ ಹೀಗಿತ್ತು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹಾಳೆ ಹಾಸಿ, ಅದರ ಮೇಲೆ ಚೌಕ ಎಳೆದ ಪಾರದರ್ಶಕ ಹಾಳೆ ಹೊದಿಸಬೇಕು. ಒಂದು ಹಾಳೆಗೆ ಸಾವಿರದ ಆರುನೂರು ಚೌಕ. ಭೂತಗನ್ನಡಿ ಹಿಡಿದು ಪ್ರತಿ ಚೌಕದ ಚುಕ್ಕೆ ಎಣಿಸಿ ಕಂಪ್ಯೂಟರಿಗೆ ಹೊಡೆಯಬೇಕು. ಒಬ್ಬರು ಮುಗಿಸಿದ ಹಾಳೆ ಇನ್ನೊಬ್ಬರ ಮೇಜಿಗೆ.

ಮೊದಲ ಎರಡು ದಿನ ಮೂವರೂ ನಿಯತ್ತಾಗಿ ಎಣಿಸಿದರು. ಪರಿಣಾಮ, ಮೂವರಿಗೂ ಮೂರು ಲೆಕ್ಕ. ಮಸುಕು ಚುಕ್ಕೆ ಒಬ್ಬಳ ಕಣ್ಣಿಗೆ ಚುಕ್ಕೆ, ಇನ್ನೊಬ್ಬಳಿಗೆ ಹಾಳೆಯ ಕಲೆ. ಒಬ್ಬಳು ಹದಿಮೂರು ಅಂದರೆ ಇನ್ನೊಬ್ಬಳು ಹದಿನಾಲ್ಕು. ಮನುಷ್ಯರು ಎಣಿಸಿದರೆ ಹಾಗಾಗುವುದು ಸಹಜ. ಆದರೆ ಕಂಪ್ಯೂಟರಿಗೆ ಸಹಜ ಗಿಹಜ ಗೊತ್ತೇ? ಮೂವರ ಹೆಸರಿನ ಮುಂದೂ ಕೆಂಪು ಬಿತ್ತು. ರುದ್ರೇಶ್ ಮೂವರನ್ನೂ ನಿಲ್ಲಿಸಿಕೊಂಡು ಬೈದ.

ಮೂರನೆಯ ದಿನ ಜಯಶೀಲಾ ಮತ್ತು ಫಿಲೋಮಿನಾರ ಕೆಂಪು ಮಾಯವಾಯಿತು. ಉಳಿದದ್ದು ಮಹಾನಂದಾಳದೊಂದೇ. ಸೋಮವಾರದ ಪಟ್ಟಿಯಲ್ಲಿ ಅವಳ ಮುಂದೆ ಮೂವತ್ತೊಂದು ಎಂದಿತ್ತು. ಮುಂದಿನ ಸೋಮವಾರ ಮೂವತ್ತನಾಲ್ಕು.

“ಏನ್ರೀ ಇದು?” ಎಂದ ರುದ್ರೇಶ್. “ಥರ್ಟಿಫೋರ್ ಪರ್ಸೆಂಟ್! ಇಡೀ ಫ್ಲೋರಲ್ಲೇ ಯಾರದೂ ಇಷ್ಟಿಲ್ಲ. ಅವರಿಬ್ಬರದು ನೋಡಿ, ಒಂದೂ ಮಿಸ್‌ಮ್ಯಾಚ್ ಇಲ್ಲ.”

“ನಾ ಎಣಿಸೇನ್ರಿ ಸಾರ್. ಎರಡೆರಡು ಸಲ ಎಣಿಸೇನಿ.”

“ಹಾಗಾದ್ರೆ ಅವರಿಬ್ಬರೂ ಸುಳ್ಳು, ನೀವೊಬ್ರೇ ಸತ್ಯವಂತರು. ಅಲ್ವಾ? ಮಾರ್ಚಲ್ಲಿ ನಿಮ್ಮ ಫೈಲು ನನ್ನ ಟೇಬಲ್ಲಿಗೇ ಬರೋದು, ನೆನಪಿರಲಿ. ಹೀಗೇ ಆದ್ರೆ ನಾನೇನೂ ಮಾಡಕ್ಕಾಗಲ್ಲ.”

ಅವತ್ತು ಮಧ್ಯಾಹ್ನ ಜಯಶೀಲಾ ಊಟಕ್ಕೆ ಎದ್ದಾಗ ಮಹಾನಂದಾ ಅವಳ ಪರದೆಯನ್ನು ನೋಡಿದಳು. ನಡುವಿನ ಚೌಕಗಳಲ್ಲಿ ನೂರಾರು, ಎಪ್ಪತ್ತು, ನಲವತ್ತು. ಎಲ್ಲ ಸರಿಯಾಗಿಯೇ ಇತ್ತು. ಹೊರಗೆ ಹೋದಂತೆ ಹನ್ನೆರಡು. ಪಕ್ಕದಲ್ಲೂ ಹನ್ನೆರಡು. ಅದರ ಕೆಳಗೂ ಹನ್ನೆರಡು. ಪರದೆಯ ತುದಿಯವರೆಗೂ ಹನ್ನೆರಡೇ. ಬರೀ ಹನ್ನೆರಡು! ಕೀಲಿ ಒತ್ತಿ ಹಿಡಿದು ಕೂತಿದ್ದಾಳೆ ಬೋಸುಡಿ ಎಂದು ಬೈದುಕೊಂಡಳು ಮಹಾನಂದಾ. ಊಟದ ಡಬ್ಬಿ ಬಿಚ್ಚಲಿಲ್ಲ.

ಕೈತೊಳೆಯುವ ಕಡೆ ಹಿಡಿದು ನಿಲ್ಲಿಸಿದಳು. “ಏನ ಅದು? ಎಲ್ಲಾ ಹನ್ನೆರಡು?”

ಜಯಶೀಲಾ ನಾಚಲೂ ಇಲ್ಲ, ಹೆದರಲೂ ಇಲ್ಲ. “ಅಯ್ಯೋ ಅಕ್ಕಾ, ಅಲ್ಲೇನೂ ಇಲ್ಲ ಕಣಕ್ಕಾ. ಹನ್ನೊಂದು, ಹನ್ನೆರಡು, ಹದಿಮೂರು, ಅಷ್ಟರಲ್ಲೇ ಬತ್ತದೆ. ಎಣಿಸಿದ್ರೆ ಮೂರು ಜನಕ್ಕೂ ಬ್ಯಾರೆ ಬತ್ತದೆ, ಬೈಸ್ಕೋತೀವಿ. ನಡುವೇದು ಒಬ್ರು ಎಣಿಸಿ ಇನ್ನೊಬ್ರಿಗೆ ಹೇಳ್ತೀವಿ, ಅಂಚಿಗೆ ಹನ್ನೆರಡು ಹಾಕಿದ್ರೆ ಎಲ್ರಿಗೂ ಒಂದೇ. ಯಾರಿಗೇನು ನಷ್ಟ? ನೀನೂ ಹಾಕು. ನಂಗೂ ಮಾರ್ಚಿಗೇ ಕಾಯಂ ಆಗೋದು, ಗೊತ್ತಲ್ಲ.”

“ಥೂ! ನಿನ್ನ ಕಣ್ಣಿಗೇನು ಮಣ್ಣು ಬಿದ್ದೈತಿ? ಮ್ಯಾಲೆ ಬಲಮೂಲ್ಯಾಗ ಹದಿನೈದು ಹದಿನಾರು ಐತಿ. ಕೆಳಗ ಎಡಮೂಲ್ಯಾಗೂ ಹಂಗಽ ಐತಿ. ಆ ಮೇಡಂ ಕೇಳಿದ್ದು ಅದನ್ನಽ ಅಲ್ಲ?”

“ಇದ್ರೆ ಇರ್ಲಿ ಬಿಡಕ್ಕಾ” ಎಂದಳು ಜಯಶೀಲಾ. “ಎಲ್ಲೋ ಇರೋ ನಕ್ಷತ್ರ. ನಿನ್ನ ಕೆಲಸ ಹೋದ್ರೆ ಅದೇನು ಕೆಳಗಿಳಿದು ಬಂದು ಅನ್ನ ಹಾಕ್ತದಾ?”

ಆ ವಾರ ಸಿದ್ರಾಮ ಮನೆಗೆ ಬಂದಿದ್ದ. ರೊಟ್ಟಿ ತಟ್ಟುತ್ತ ಎಲ್ಲವನ್ನೂ ಹೇಳಿದಳು. ಅವನು ಚಟ್ನಿ ಹಚ್ಚಿಕೊಂಡು ಕೇಳಿದ, ಕೊನೆಗೆ ಅಂದ, “ಹನ್ನೆರಡು ಬರಿ. ಊರೆಲ್ಲಾ ಹೋದ ದಾರಿಗೆ ನೀ ಒಬ್ಬಾಕಿ ಅಡ್ಡ ನಿಂತು ಏನ ಮಾಡ್ತಿ? ಆಮ್ಯಾಲ ಮತ್ತ ಆ ತೊಟ್ಟಿ ಮುಂದ ಹೋಗಿ ನಿಲ್ಲಬೇಕಾಕ್ಕೈತಿ.” ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳ ಮೂಗಿನ ರಕ್ತದಲ್ಲಿ ನೆನೆದ ತಲೆದಿಂಬನ್ನು ಒಗೆದವನು ಅವನೇ. ಮೂವತ್ತು ದಾಟಿದವಳಿಗೆ ಇನ್ನೊಂದು ಕಂಪನಿ ಕೆಲಸ ಕೊಡುವುದು ಅಷ್ಟರಲ್ಲೇ ಇತ್ತು. ಕೈಯಲ್ಲಿದ್ದ ಬೇರೆ ವಿದ್ಯೆಯೆಂದರೆ ಪ್ಲೇಟಿಂಗ್ ಒಂದೇ.

ನಾಲ್ಕನೆಯ ಹಾಳೆಯಿಂದ ಮಹಾನಂದಾ ಹನ್ನೆರಡು ಬರೆದಳು.

ಹೇಗಿತ್ತು ಆ ಕೆಲಸ! ನಡುವಿನ ಚೌಕ ಎಣಿಸಿ ಜಯಶೀಲಾಳ ಅಂಕಿಗೆ ಹೊಂದಿಸುವುದು, ಮುಂದೆ ಹನ್ನೆರಡು, ಹನ್ನೆರಡು, ಹನ್ನೆರಡು. ಮೂರು ದಿನದ ಹಾಳೆ ಒಂದು ದಿನಕ್ಕೆ ಮುಗಿಯಿತು. ಎಣಿಸುವುದಿಲ್ಲ ಎಂದುಕೊಂಡರೂ ಕಣ್ಣು ತಾನಾಗಿ ಎಣಿಸಿಬಿಡುತ್ತಿತ್ತು. ಹದಿನಾರು ಎಂದು ಕಣ್ಣು ಹೇಳುತ್ತಿರುವಾಗಲೇ ಬೆರಳು ಒಂದು, ಎರಡು ಒತ್ತುತ್ತಿತ್ತು. ಆ ಬೆರಳನ್ನು ಕಂಡರೆ ಅವಳಿಗೆ ಮೈ ಮುದುಡುತ್ತಿತ್ತು. ದಿನಕ್ಕೆ ಐದಾರು ಬಾರಿ ಸೋಪು ಹಚ್ಚಿ ತೊಳೆದಳು. ತೊಳೆದು ಬಂದು ಅದೇ ಬೆರಳಿನಿಂದ ಮತ್ತೆ ಹನ್ನೆರಡು. ಇದುವರೆಗೆ ಊರಿನ ಹೊಲಸಿಗೆಲ್ಲ ಮೂಗು ಮುರಿದವಳು. ಈಗ ತನ್ನ ಮೈಯಿಂದ ತಾನು ಎಷ್ಟು ದೂರ ಸರಿದು ಕೂರಲಾದೀತು? ಸೋಮವಾರದ ಪಟ್ಟಿಯಲ್ಲಿ ಅವಳ ಮಿಸ್‌ಮ್ಯಾಚ್ ಇಳಿಯುತ್ತ ಬಂತು. ಒಂಬತ್ತನೆಯ ಹಾಳೆ ಮುಗಿದಾಗ ಸೊನ್ನೆ ಪಾಯಿಂಟ್ ನಾಲ್ಕು. ರುದ್ರೇಶ್ ಆ ಅಂಕಿಯ ಸುತ್ತ ಹಸಿರು ಶಾಯಿಯಲ್ಲಿ ಗೋಲ ಎಳೆದು, ಮೊದಲ ಮೂರು ಹಾಳೆ ತರಬೇತಿಯ ಲೆಕ್ಕ, ಅದನ್ನು ಹಿಡಿಯುವುದಿಲ್ಲ ಎಂದು ಉದಾರವಾಗಿ ಹೇಳಿದ.

ಮಾರ್ಚ್ ಏಳರಂದು ಕಾಯಂ ಪತ್ರಕ್ಕೆ ಸಹಿ ಹಾಕಲು ಅವಳನ್ನು ಕರೆದರು. ಒಳಗೆ ಹೋದರೆ ರುದ್ರೇಶನ ಎದುರು ಶೈಲಜಾ ಮೇಡಂ ಕೂತಿದ್ದಾರೆ. ಮೇಜಿನ ಮೇಲೆ ಒಂದು ಕಡೆ ಅವಳ ಪತ್ರ, ಇನ್ನೊಂದು ಕಡೆ ಕಟ್ಟುಗಟ್ಟಲೆ ಅಂಕಿ ಅಚ್ಚಾದ ಕಾಗದ. ಮೇಡಂ ಮುಖದಲ್ಲಿ ನಗು ಇರಲಿಲ್ಲ.

“ಇದೇನ್ ಅದರೀ ರುದ್ರೇಶ್? ನಿಮ್ಮ ಹುಡುಗ್ಯಾರು ಹೊರಗಿನ ಸಾವಿರಾರು ಚೌಕಕ್ಕ ಒಂದಽ ಅಂಕಿ ಬರದಾರ. ಆಕಾಶ ಅಂದ್ರ ಟೈಲ್ಸ್ ಹಾಕಿದ ನೆಲ ಏನ್ರೀ? ಎಣಿಸಿದ್ರ ಏರುಪೇರು ಇರಲೇಬೇಕು.”

“ಮೂರು ಜನದ್ದೂ ಮ್ಯಾಚ್ ಆಗಿದೆ ಮೇಡಂ” ಎಂದ ರುದ್ರೇಶ್. “ಮೂರು ಜನ ಸೇರಿ ತಪ್ಪು ಮಾಡ್ತಾರಾ?”

“ಮೂರು ಜನದ್ದಲ್ಲ. ಈ ಮೂರನೇ ಆಪರೇಟರು ಮೊದಲಿನ ಮೂರು ಹಾಳ್ಯಾಗ ಬ್ಯಾರೆ ಬರದಾರ. ಅದರಾಗ ಎರಡು ಮೂಲಿಗೆ ಹೆಚ್ಚಿಗಿ ಬಂದದ. ನಾಕನೇ ಹಾಳಿಗೆ ಇವರೂ ಸಪಾಟು. ಯಾವುದನ್ನ ನಂಬಲಿ ನಾನು?”

“ಮೊದಲು ಹೊಸಬ್ರಲ್ವಾ ಮೇಡಂ, ಮಿಸ್ಟೇಕ್ ಆಗಿದೆ. ಆಮೇಲೆ ಇಂಪ್ರೂವ್ ಆಗಿದಾರೆ. ಕೇಳಿ ಬೇಕಾದ್ರೆ. ಇವರೇ ಮಹಾನಂದಾ.” ಪತ್ರವನ್ನು ಅವಳ ಕಡೆ ತಳ್ಳಿ ಪೆನ್ನು ಕೊಟ್ಟ. “ಹೇಳಿ ಮಹಾನಂದಾ. ಮೊದಲ ಮೂರು ಹಾಳೇಲಿ ತಪ್ಪಾಗಿತ್ತು, ಅಲ್ವಾ?”

ಹೂಂ ಅಂದರೆ ಮುಗಿಯುತ್ತಿತ್ತು. ಒಂದಕ್ಷರ. ಅವಳು ಪೆನ್ನಿನ ಕ್ಯಾಪು ನೋಡಿದಳು. ಯಾರೋ ಹಲ್ಲಿನಲ್ಲಿ ಕಚ್ಚಿ ಕಚ್ಚಿ ಸೀಳಿಟ್ಟಿದ್ದರು. ಮೇಜಿನ ಮೇಲೆ ಇಟ್ಟುಬಿಟ್ಟಳು.

“ಮೊದಲಿನ ಮೂರು ಖರೇ ಅದಾವ್ರಿ ಮೇಡಂ. ಆಮ್ಯಾಲಿನ ಆರು ಸುಳ್ಳು. ನಾನಽ ಬರದೇನಿ, ಎಣಿಸಲಾರದ ಬರದೇನಿ. ಇಲ್ಲಾಂದ್ರ ಕೆಲಸದಿಂದ ತಗೀತಿದ್ರು.”

ರುದ್ರೇಶ್ ಕುರ್ಚಿಯಿಂದ ಅರ್ಧ ಎದ್ದ. ಮೇಡಂ ಕೈ ಎತ್ತಿ ಅವನನ್ನು ಕೂರಿಸಿದರು. ಕಾಗದ ತಿರುವಿ ಮೊದಲ ಮೂರು ಹಾಳೆಯ ಅಂಕಿಗಳನ್ನು ತೆಗೆದರು.

“ಯಾವ ಮೂಲಿಗೆ ಹೆಚ್ಚಿಗಿತ್ತು, ನೆನಪದ ಏನವ್ವಾ?”

“ಅದಽ ಐತಲ್ರಿ. ಮ್ಯಾಲೆ ಬಲಕ್ಕ, ಕೆಳಗ ಎಡಕ್ಕ. ಮಿಕ್ಕಿದ್ದನ್ನೂ ಕೂತು ಎಣಿಸಿ ಕೊಡ್ತೇನ್ರಿ. ಒಂದು ಪೈಸಾ ಬ್ಯಾಡ. ಆಣಿ ಮಾಡಿ ಹೇಳ್ತೇನ್ರಿ.”

ಮೇಡಂ ತಲೆಯಾಡಿಸಿದರು. “ಅದಽ ತೊಂದರಿ ನೋಡ್ರಿ. ನಿಮಗ ಈಗ ಗೊತ್ತದ. ಎಲ್ಲಿ ಹೆಚ್ಚಿಗಿ ಇರಬೇಕು ಅಂತ ಗೊತ್ತಿದ್ದವರ ಕಣ್ಣು ಅಲ್ಲೆ ಒಂದು ಚುಕ್ಕಿ ಹೆಚ್ಚಿಗೀನಽ ನೋಡ್ತದ. ನಿಮ್ಮ ತಪ್ಪಲ್ಲ, ಕಣ್ಣಿನ ಗುಣ ಅದು. ಇನ್ನ ಮೊದಲಿನ ಮೂರು. ಆರು ಹಾಳಿ ಸುಳ್ಳು ಬರದ ಕೈ ಮೂರು ಹಾಳಿ ಖರೆ ಬರದದ ಅಂತ ನಾ ಯಾರಿಗೆ ಹೇಳಲಿ? ಹೇಳಿದ್ರ ನಗ್ತಾರ. ಮತ್ತೊಮ್ಮೆ ಎಣಿಸಬೇಕು. ಆ ಚೌಕಗಳನ್ನ ಒಮ್ಮೆನೂ ನೋಡಲಾರದವರು ಎಣಿಸಬೇಕು.”

ಮೊದಲೆರಡು ದಿನದ್ದು ಬಿಟ್ಟರೆ ಹಾಗೆ ನೋಡಿರದವರು ಅಲ್ಲಿ ಇಬ್ಬರಿದ್ದರು. ಜಯಶೀಲಾ ಮತ್ತು ಫಿಲೋಮಿನಾ. ಎಣಿಸದೇ ಇದ್ದದ್ದೇ ಅವರ ಯೋಗ್ಯತೆಯಾಯಿತು! ಮೂರನೆಯವಳಾಗಿ ಹೊಸ ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳುವುದು, ಈ ಸಲ ಮಿಸ್‌ಮ್ಯಾಚ್ ನೋಡಬಾರದು, ಆರು ವಾರ ಸಮಯ ಎಂದು ಮೇಡಂ ಕರಾರು ಹಾಕಿದರು. ಕೆಲಸ ಕೈತಪ್ಪದಿರಲೆಂದು ಕಂಪನಿ ಒಪ್ಪಿತು. ಮಹಾನಂದಾಳ ಪತ್ರವನ್ನು ರುದ್ರೇಶ್ ಅವಳ ಎದುರಿಗೇ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ. ಸುಳ್ಳು ದಾಖಲೆ ಬರೆದದ್ದಕ್ಕೆ ಕೆಲಸದಿಂದ ತೆಗೆದಿದ್ದೇವೆ ಎಂದು ಸಂಜೆಯೊಳಗೆ ಬೇರೆ ಪತ್ರ ತಯಾರಾಯಿತು. ಮೂವರು ಬರೆದ ಸುಳ್ಳಿಗೆ ಒಬ್ಬಳೇ ಹೊರಗೆ ಬಿದ್ದಳು. ಯಾಕೆಂದರೆ ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ.

ಬೊಮ್ಮಸಂದ್ರದಲ್ಲಿ ಪ್ಲೇಟಿಂಗ್ ಶೆಡ್ಡಿಗೆ ಬರವಿಲ್ಲ. ಹದಿನೈದು ದಿನ ಅಲೆದು, ಕೊನೆಗೆ ಅಂಥದ್ದೇ ಒಂದಕ್ಕೆ ಸೇರಿದಳು. ಅದೇ ಹಳದಿ ಹಬೆ, ಅದೇ ಕೊಕ್ಕೆ. ವಾಸನೆ ತಿಳಿಯುತ್ತಿರಲಿಲ್ಲ, ಅದೊಂದು ಪುಣ್ಯ ಎಂದರು ಜೊತೆಯವರು. ಮೂರನೆಯ ವಾರಕ್ಕೆ ಬೆರಳ ಸಂದಿಯಲ್ಲಿ ಹಳೆಯ ಜಾಗದಲ್ಲೇ ಹುಣ್ಣೆದ್ದಿತು. ಸಿದ್ರಾಮ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತಿದ್ದ.

ಮೇ ತಿಂಗಳ ಒಂದು ಸಂಜೆ ಚಂದಾಪುರದ ಬಸ್ ಸ್ಟಾಪಿನಲ್ಲಿ ಜಯಶೀಲಾ ಸಿಕ್ಕಿದಳು. ಸಿಕ್ಕಿದ್ದಲ್ಲ, ಕಾದು ನಿಂತಿದ್ದಳು. ಮುಖದ ತುಂಬ ಸಂಭ್ರಮ.

“ಅಕ್ಕಾ! ನಿಂದೇ ಸರಿಯಾಯ್ತು ಕಣಕ್ಕಾ! ಒಂಬತ್ತು ಹಾಳೇನೂ ಮುಗೀತು. ಮೇಲೆ ಬಲಕ್ಕೆ, ಕೆಳಗೆ ಎಡಕ್ಕೆ, ನೀನೇಳಿದಂಗೇ ಬಂದದೆ. ಮೇಡಂ ಕುಣಿದಾಡ್ಬಿಟ್ರು. ರುದ್ರೇಶ್ ಸಾರ್‌ಗೆ ಸಕ್ಕತ್ ಬೈದ್ರು, ಅಂಥಾ ಹೆಂಗಸನ್ನ ತೆಗೆದ್ರಲ್ಲಾ ಅಂತ. ನಿನ್ನ ವಾಪಸ್ ತಗೋತಾರಂತೆ, ಕಾಯಂ ಆಗೇ. ಸೋಮವಾರ ಬರ್ಬೇಕಂತೆ. ಇಗೋ, ಮೇಡಂ ನಂಬರ್ರು. ನೀನೇ ಫೋನ್ ಮಾಡ್ಬೇಕಂತೆ.”

ಮಹಾನಂದಾ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ಬೆಂಚನ್ನು ಒರೆಸುವುದನ್ನೂ ಮರೆತಳು. ಒಂದು ನಿಮಿಷ ಲೋಕದಲ್ಲಿ ಅಸಹ್ಯವೆಂಬುದೇ ಇರಲಿಲ್ಲ. ಆಮೇಲೆ ಒಂದು ಅನುಮಾನ ತಲೆಗೆ ಬಂತು. ಹನ್ನೆರಡು ಒತ್ತಿ ಕೂತವಳು ಒಂಬತ್ತು ಹಾಳೆಯ ಅಂಚನ್ನು ಎಣಿಸಿಯಾಳೇ?

“ಅಷ್ಟೂ ಎಣಿಸಿದ್ರೇನ?” ಎಂದಳು.

“ಹೂಂ ಮತ್ತೆ.”

“ನನ್ನ ಕಣ್ಣಾಗ ಕಣ್ಣಿಟ್ಟು ಹೇಳು.”

ಜಯಶೀಲಾ ರಸ್ತೆಯ ಕಡೆ ನೋಡಿದಳು. ಹೊಸೂರು ರಸ್ತೆಯಲ್ಲಿ ಲಾರಿಗಳು ಧೂಳೆಬ್ಬಿಸುತ್ತ ಹೋಗುತ್ತಿದ್ದವು.

“ನಿನ್ನ ಮೂರು ಹಾಳೆ ಕಂಪ್ಯೂಟರಲ್ಲೇ ಇತ್ತಲ್ಲಕ್ಕಾ. ಅದನ್ನ ತೆಗೆದು ಹಾಕ್ದೆ. ಮಿಕ್ಕಿದ ಆರಕ್ಕೂ ಅದೇ ಥರ, ಆ ಎರಡು ಮೂಲೇಲಿ ಮೂರು ಮೂರು ಜಾಸ್ತಿ. ಫಿಲೋಮಿನಾಗೂ ಹೊಸ ಹುಡುಗೀಗೂ ನಾನೇ ಹೇಳ್ಕೊಟ್ಟೆ. ಈ ಸಲ ಒಂದೊಂದು ಆಚೆ ಈಚೆ ಮಾಡಿ ಹಾಕಿದ್ದೀವಿ, ಮೇಡಂಗೆ ಡೌಟೇ ಬರ್ಲಿಲ್ಲ.” ಅವಳ ದನಿ ಒಡೆಯಿತು. “ನಿಂಗೋಸ್ಕರಾನೇ ಮಾಡಿದ್ದು ಕಣಕ್ಕಾ. ನನ್ನಿಂದ ನಿನ್ನ ಕೆಲಸ ಹೋಯ್ತು ಅಂತ ಅನ್ನ ಸೇರ್ತಿರ್ಲಿಲ್ಲ. ನಿಂದು ನಿಜಾನೇ ಅಲ್ವಾ? ನಿಜಾನೇ ತಾನೆ ಬರ್ದಿದ್ದೀನಿ?”

ಛೀ ಎನ್ನಲು ಬಾಯಿ ತೆರೆದಳು ಮಹಾನಂದಾ. ಆದರೆ ಯಾರನ್ನು ಅನ್ನುವುದು? ಎದುರಿಗೆ ನಿಂತವಳು ಅಳುತ್ತಿದ್ದಳು, ನಿಜವಾಗಿಯೇ ಅಳುತ್ತಿದ್ದಳು. ತನ್ನ ಮೂರು ಹಾಳೆಯನ್ನು ಹಿಗ್ಗಿಸಿ ಒಂಬತ್ತು ಮಾಡಿದ್ದಾಳೆ. ಆ ಆರು ಹಾಳೆಯ ಅಂಚಿನಲ್ಲಿ ನಿಜವಾಗಿ ಎಷ್ಟಿದೆಯೋ ಯಾರೂ ಎಣಿಸಿ ಬರೆದಿಲ್ಲ. ಅದು ಗೊತ್ತಾಗಲೆಂದೇ ತಾನು ಕಾಯಂ ಪತ್ರ ಬಿಟ್ಟು ಎದ್ದದ್ದು. ಈಗ ಅದೇ ಪತ್ರ ವಾಪಸು ಬಂದಿದೆ, ಇಂಥದ್ದರಲ್ಲಿ ಸುತ್ತಿಕೊಂಡು.

ಎದ್ದಳು. ಬೇಕರಿಯ ಪಕ್ಕದ ಕಾಯಿನ್ ಬೂತಿಗೆ ಹೋದಳು. ಹುಣ್ಣಿನ ಬೆರಳಿನಿಂದಲೇ ನಂಬರು ಒತ್ತಿ, ತನ್ನ ಹೆಸರು ಹೇಳಿದಳು. ಜಯಶೀಲಾ ಹಿಂದೆಯೇ ಓಡಿಬಂದು ನಿಂತಳು.

“ಮಹಾನಂದಾ! ಎಷ್ಟು ಹೊತ್ತಿನಿಂದ ಕಾಯಕತ್ತೀನಿ ರೀ!” ಎಂದಿತು ಆ ಕಡೆಯ ದನಿ. “ನಿಮ್ಮ ಎಣಿಕಿ ಖರೆ ಆತು ನೋಡ್ರಿ!”

“ಇಲ್ರಿ ಮೇಡಂ. ಆ ಲೆಕ್ಕ ನಂಬಬ್ಯಾಡ್ರಿ. ಅವರ್ಯಾರೂ ಎಣಿಸಿಲ್ಲ. ನಂದನ್ನ ನೋಡಿ ಬರದಾರ.”

“ಅಯ್ಯೋ ಅಕ್ಕಾ!” ಎಂದು ಜಯಶೀಲಾ ಬಾಯಿ ಮುಚ್ಚಿಕೊಂಡಳು. ಫೋನಿನಲ್ಲಿ ಮೇಡಂ ದನಿ ಇಳಿಯಿತು.

“ಇದನ್ನ ಹೇಳಿದ್ರ ಸೋಮವಾರದ ನೌಕರಿ ಹೋಗ್ತದ. ಗೊತ್ತದ ಏನ್ರೀ?”

“ಗೊತ್ತೈತ್ರಿ.”

“ನಿಮ್ಮ ಮೂರು ಹಾಳಿನೂ ಹೋದವು. ಇನ್ನ ಅವನ್ನ ಯಾರೂ ನಂಬಂಗಿಲ್ಲ.”

“ಹೋದ್ರ ಹೋಗ್ಲಿ ಬಿಡ್ರಿ. ಯಾರರೆ ಒಬ್ಬರು ಕುಂತು ಒಮ್ಮೆ ಎಣಸ್ರಿ ಮೇಡಂ, ಸಾಕು” ಎಂದಳು ಮಹಾನಂದಾ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ಬೊಮ್ಮಸಂದ್ರದ ಶೆಡ್ಡಿನಲ್ಲಿ ರಬ್ಬರಿನ ಕೈಗವಸು ಹಾಕಿಕೊಂಡು ತೊಟ್ಟಿಯ ಮುಂದೆ ನಿಂತಿದ್ದಳು.